ಪಾಲು–ಹಾಲು, ಪಂಪಾ–ಹಂಪಿ: ಭಾಷೆಗಳ ನೆಂಟಸ್ತಿಕೆ ಹುಡುಕುವುದು ಹೇಗೆ?

ಕಂಪ್ಲಿ ಕಡೆಯ ಒಂದು ಕ್ಯಾಂಪಿಗೆ ಹೋಗಿದ್ದಾಗ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಸಿಕ್ಕಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. "ನಾನು ಮರೆತು 'ಪಾಲು' ಅಂದ್ರೆ ಎಲ್ಲರೂ ನಗ್ತಾರೆ ಅಣ್ಣಾ, 'ಹಾಲು' ಅನ್ನು ಅಂತಾರೆ" ಎಂದಳು. ಅವಳಿಗೆ ಆಗ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಈಗ ಇದೆ. ಅದಕ್ಕೇ ಈ ಬರಹ.

ನಮ್ಮ ಕಡೆ ಈ ಜಗಳ ಹೊಸದಲ್ಲ. ತೆಲುಗು ಕನ್ನಡದಿಂದ ಹುಟ್ಟಿತೋ, ಕನ್ನಡ ತೆಲುಗಿನಿಂದ ಹುಟ್ಟಿತೋ, ಎರಡೂ ಸಂಸ್ಕೃತದ ಮಕ್ಕಳೋ ಎಂದು ವಾಟ್ಸಾಪ್ ಗುಂಪುಗಳಲ್ಲಿ ಬಡಿದಾಡುತ್ತಾರೆ. ಸಾಕ್ಷಿಗೆ ಎಲ್ಲರೂ ತೋರಿಸುವುದು ಒಂದೇ: "ಅಕ್ಷರ ನೋಡಿ, ಒಂದೇ ತರ ಇವೆ!"

ಅಕ್ಷರ ಸಾಕ್ಷಿಯಾಗುತ್ತದೆಯೇ? ಸ್ವಲ್ಪ ದೂರದ ಎರಡು ಭಾಷೆಗಳನ್ನು ನೋಡಿ ಬರೋಣ.

ಬರ್ಮಾ ಮತ್ತು ವಿಯೆಟ್ನಾಂ

ಬರ್ಮೀ ಭಾಷೆಯ ಬರಹವನ್ನು ಮೊಬೈಲಿನಲ್ಲಿ ತೆರೆದು ನೋಡಿ. ಎಲ್ಲ ದುಂಡು ದುಂಡು. ನಮ್ಮದೇ ಅಕ್ಷರದ ದೂರದ ನೆಂಟರಂತೆ ಕಾಣುತ್ತವೆ. ನಿಜಕ್ಕೂ ನೆಂಟರೇ. ಎರಡೂ ಬ್ರಾಹ್ಮಿ ಲಿಪಿಯ ದಕ್ಷಿಣದ ಕವಲಿನಿಂದ ಬಂದವು. ಆ ಬ್ರಾಹ್ಮಿಯನ್ನು ನೋಡಲು ದೂರ ಹೋಗಬೇಕಿಲ್ಲ. ಕೊಪ್ಪಳದ ಗವಿಮಠದ ಬಂಡೆಯ ಮೇಲೆ, ಸಿರುಗುಪ್ಪ ತಾಲೂಕಿನ ನಿಟ್ಟೂರು, ಉಡೇಗೋಳದಲ್ಲಿ ಅಶೋಕನ ಶಾಸನಗಳಿವೆ.

ಆದರೆ ಬರ್ಮೀ ಭಾಷೆ ನಮ್ಮ ನೆಂಟನಲ್ಲ. ಅದು ಟಿಬೆಟಿನ ಭಾಷೆ, ಮಣಿಪುರಿಗಳ ಬಳಗ. ಲಿಪಿ ಒಂದು ಕಡೆಯಿಂದ ಬಂತು, ಮಾತು ಇನ್ನೊಂದು ಕಡೆಯಿಂದ.

ವಾಕ್ಯ ಕಟ್ಟುವ ರೀತಿ ನೋಡಿದರೆ ಇನ್ನೂ ಮೋಸ. ಬರ್ಮೀ ಜನ ನಮ್ಮ ಹಾಗೇ 'ನಾನು – ಅನ್ನ – ಉಣ್ಣುತ್ತೇನೆ' ಎಂಬ ಸಾಲಿನಲ್ಲಿ ಮಾತಾಡುತ್ತಾರೆ. ವಿಯೆಟ್ನಾಮಿನವರು 'ನಾನು – ಉಣ್ಣುತ್ತೇನೆ – ಅನ್ನ' ಎನ್ನುತ್ತಾರೆ. ಸಾಲು ನಮ್ಮಂತಿದೆ ಎಂದ ಮಾತ್ರಕ್ಕೆ ಬರ್ಮೀ ಕನ್ನಡದ ತಂಗಿಯಾಗುವುದಿಲ್ಲ.

ಇನ್ನು ಆ ಎರಡನ್ನೇ ಹೋಲಿಸಿ ನೋಡಿ. ಎರಡರಲ್ಲೂ ದನಿಯ ಏರಿಳಿತ ಬದಲಾದರೆ ಅರ್ಥವೇ ಬದಲು. ವಿಯೆಟ್ನಾಮಿನಲ್ಲಿ 'ಮ' ಎಂಬ ಒಂದೇ ಉಲಿಯನ್ನು ಆರು ತರ ಎಳೆದು ಹೇಳಬಹುದು. ಒಂದು ಸಲ ದೆವ್ವ, ಒಂದು ಸಲ ಅವ್ವ, ಒಂದು ಸಲ ಕುದುರೆ, ಒಂದು ಸಲ ನಾಟಿಗೆ ಬೆಳೆಸಿದ ಭತ್ತದ ಸಸಿ! ದನಿ ಆಡುವುದರಲ್ಲಿ ಬರ್ಮೀ, ವಿಯೆಟ್ನಾಮಿ ಎರಡೂ ಒಂದೇ ಜಾಡು. ಆದರೂ ಅವು ಬೇರೆ ಬೇರೆ ಮನೆತನ. ವಿಯೆಟ್ನಾಮಿಯ ದೂರದ ನೆಂಟರು ನಮ್ಮ ದೇಶದಲ್ಲೇ ಇದ್ದಾರೆ: ಮೇಘಾಲಯದ ಖಾಸಿ, ಜಾರ್ಖಂಡದ ಸಂತಾಲಿ, ಮುಂಡಾರಿ.

ಅಂದರೆ ಅಕ್ಷರ, ವಾಕ್ಯದ ಸಾಲು, ದನಿ ಈ ಮೂರರಲ್ಲಿ ಯಾವುದನ್ನೂ ನೆಚ್ಚಿ ನೆಂಟಸ್ತಿಕೆ ಹೇಳಲಾಗದು. ಮತ್ತೆ ಯಾವುದನ್ನು ನೆಚ್ಚಬೇಕು?

ಬಳ್ಳಾರಿ ಕಲೆಕ್ಟರ್ ಬರೆದ ವ್ಯಾಕರಣ

ಉತ್ತರ ಒಂದು ಹಳೆಯ ತೆಲುಗು ವ್ಯಾಕರಣದಲ್ಲಿದೆ. 1816ರಲ್ಲಿ ಮದರಾಸಿನಲ್ಲಿ ಅಚ್ಚಾದ ಇಂಗ್ಲಿಷ್ ಪುಸ್ತಕ. ಬರೆದವರು ಎ. ಡಿ. ಕ್ಯಾಂಪ್‌ಬೆಲ್. ಇವರು ಮುಂದೆ ನಮ್ಮ ಬಳ್ಳಾರಿಯ ಕಲೆಕ್ಟರ್ ಆದರು.

ಆ ಕಾಲಕ್ಕೆ ದೊಡ್ಡ ದೊಡ್ಡ ವಿದ್ವಾಂಸರು ತೆಲುಗು, ಕನ್ನಡ ಎಲ್ಲವೂ ಸಂಸ್ಕೃತದಿಂದ ಹುಟ್ಟಿದವು ಎನ್ನುತ್ತಿದ್ದರು. ಕ್ಯಾಂಪ್‌ಬೆಲ್ ಪುಸ್ತಕದ ಪೀಠಿಕೆಗೆ ಮದರಾಸಿನ ಕಲೆಕ್ಟರ್ ಎಫ್. ಡಬ್ಲ್ಯೂ. ಎಲ್ಲಿಸ್ ಒಂದು ಟಿಪ್ಪಣಿ ಸೇರಿಸಿದರು. ತೆಲುಗು, ಕನ್ನಡ, ತಮಿಳಿನ ಮೂಲ ಧಾತುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಪಂಡಿತ ಪಟ್ಟಾಭಿರಾಮ ಶಾಸ್ತ್ರಿಗಳು ಕಲೆಹಾಕಿದ್ದ ತೆಲುಗು ಧಾತುಗಳ ಪಟ್ಟಿ ಅವರ ನೆರವಿಗೆ ಬಂತು. ಸಂಸ್ಕೃತದಿಂದ ಎಷ್ಟೇ ಪದಗಳನ್ನು ತಂದುಕೊಂಡಿದ್ದರೂ ಈ ಭಾಷೆಗಳ ಬೇರು ಬೇರೆಯೇ, ಇವು ಒಂದೇ ಮನೆತನದವು ಎಂದು ಎಲ್ಲಿಸ್ ಹೇಳಿದರು. ದ್ರಾವಿಡ ಭಾಷೆ ಎಂದೊಡನೆ ಎಲ್ಲರೂ ನೆನೆಯುವ ಕಾಲ್ಡ್‌ವೆಲ್ ಪುಸ್ತಕ ಬಂದದ್ದು ಇದಾದ 40 ವರ್ಷಕ್ಕೆ, 1856ರಲ್ಲಿ.

ಈ ಹೋಲಿಕೆಯನ್ನು ನಿಮ್ಮ ಮನೆಯ ಕಟ್ಟೆಯ ಮೇಲೆ ಕೂತೇ ಮಾಡಬಹುದು. ಹೊರಗಿನಿಂದ ತಂದ ಪದ ಬಿಡಿ. ದಿನಬಳಕೆಯ ಪದ ತೆಗೆದುಕೊಳ್ಳಿ. ಕನ್ನಡದ್ದು ಮೊದಲು, ತೆಲುಗಿನದು ಆಮೇಲೆ:

ಹಾಲು – ಪಾಲು
ಹುಲಿ – ಪುಲಿ
ಹಾವು – ಪಾಮು
ಹಣ್ಣು – ಪಂಡು

ಒಂದೆರಡು ಪದ ಹೋಲಿದರೆ ಆಕಸ್ಮಿಕ ಎನ್ನಬಹುದು. ಆದರೆ ನಮ್ಮ 'ಹ' ಇರುವಲ್ಲಿ ಅವರ 'ಪ' ಸಾಲುಸಾಲಾಗಿ ನಿಂತರೆ ಅದು ನಿಯಮ. ಭಾಷೆಗಳ ನೆಂಟಸ್ತಿಕೆಗೆ ಇಂಥ ನಿಯಮವೇ ಗಟ್ಟಿ ಸಾಕ್ಷಿ.

ಹಳಗನ್ನಡದಲ್ಲಿ ನಾವೂ 'ಪಾಲ್', 'ಪುಲಿ' ಎಂದೇ ಹೇಳುತ್ತಿದ್ದೆವು. ಕಾಲ ಕಳೆದಂತೆ ಮಾತಿನ ಮೊದಲ 'ಪ' ನಮ್ಮ ಬಾಯಲ್ಲಿ 'ಹ' ಆಯಿತು. ಅದೇ ಬಾಯಿ 'ಪಂಪಾ' ಎಂಬ ಹೆಸರನ್ನು 'ಹಂಪೆ', 'ಹಂಪಿ' ಮಾಡಿತು. ವಿರೂಪಾಕ್ಷನನ್ನು ಮಾತ್ರ ಇಂದಿಗೂ ಪಂಪಾಪತಿ ಎಂದೇ ಕರೆಯುತ್ತೇವೆ. ಊರ ಹೆಸರಲ್ಲಿ ಹೊಸ ಉಲಿ, ದೇವರ ಹೆಸರಲ್ಲಿ ಹಳೆಯ ಉಲಿ.

ಹಾಗಾದರೆ ತೆಲುಗೇ ಹಳೆಯದು ಎನ್ನಬೇಡಿ. ಇನ್ನೊಂದು ಸಾಲು ನೋಡಿ:

ಕಿವಿ – ಚೆವಿ
ಕೈ – ಚೆಯ್ಯಿ
ಕೆರೆ – ಚೆರುವು

ಇಲ್ಲಿ ಹಳೆಯ 'ಕ' ಉಳಿಸಿಕೊಂಡವರು ನಾವು. 'ಚ' ಮಾಡಿಕೊಂಡವರು ಅವರು. ಇದು ತಾಯಿ–ಮಗಳ ಸಂಬಂಧವಲ್ಲ. ಒಂದೇ ಹಿರಿಯರ ಆಸ್ತಿ ಪಾಲಾದಾಗ ಒಂದು ಒಡವೆ ಒಂದು ಮನೆಯಲ್ಲಿ, ಇನ್ನೊಂದು ಒಡವೆ ಮತ್ತೊಂದು ಮನೆಯಲ್ಲಿ ಉಳಿದ ಹಾಗೆ. ಭಾಷಾ ವಿದ್ವಾಂಸರು ಇಂದು ಕನ್ನಡವನ್ನು ತಮಿಳಿನ ಕವಲಿಗೂ ತೆಲುಗನ್ನು ಗೊಂಡಿಯಂಥ ಭಾಷೆಗಳ ಕವಲಿಗೂ ಸೇರಿಸುತ್ತಾರೆ. ಲಿಪಿಯ ಮಾತು ಬೇರೆ. ಕನ್ನಡ–ತೆಲುಗಿಗೆ ನೂರಾರು ವರ್ಷ ಒಂದೇ ಲಿಪಿ ಇತ್ತು, ಅಕ್ಷರಗಳು ಪೂರ್ತಿ ಬೇರೆಯಾದದ್ದು ಬಹಳ ತಡವಾಗಿ.

ಎಣಿಕೆ ಶುರುವಾದಾಗ

1823ರಲ್ಲಿ ಇದೇ ಕ್ಯಾಂಪ್‌ಬೆಲ್ ಬಳ್ಳಾರಿ ಜಿಲ್ಲೆಯ ಶಾಲೆಗಳ ವರದಿ ಬರೆದರು. ಆಗ ಜಿಲ್ಲೆ ಈಗಿನದಕ್ಕಿಂತ ದೊಡ್ಡದು, ಅನಂತಪುರದ ಸೀಮೆಯೂ ಸೇರಿತ್ತು. ಒಟ್ಟು 533 ಶಾಲೆ. ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಫಾರ್ಸಿ, ತಮಿಳು, ಸಂಸ್ಕೃತದವು. ಇಂಗ್ಲಿಷ್ ಶಾಲೆ ಒಂದೇ ಒಂದು! ಎಲ್ಲ ಸೇರಿ ಓದುತ್ತಿದ್ದ ಮಕ್ಕಳು 6,641. ಅದರಲ್ಲಿ ಹುಡುಗಿಯರು 60.

ಕನ್ನಡ, ತೆಲುಗು ಹೆಚ್ಚುಕಡಿಮೆ ಸಮ. ಇದು ಆಗ ಯಾರಿಗೂ ಅಚ್ಚರಿಯಲ್ಲ. ಹಂಪಿಯಲ್ಲಿ ಕನ್ನಡ ಶಾಸನ ಹಾಕಿಸಿದ ಕೃಷ್ಣದೇವರಾಯನೇ ತೆಲುಗಿನಲ್ಲಿ 'ಆಮುಕ್ತಮಾಲ್ಯದ' ಬರೆದ.

1953ಕ್ಕೆ ಬರುವಷ್ಟರಲ್ಲಿ ಭಾಷೆಯ ಎಣಿಕೆ ಗಡಿಯ ಪ್ರಶ್ನೆಯಾಯಿತು. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಆದವಾನಿ, ಆಲೂರು, ರಾಯದುರ್ಗ ಅತ್ತ ಹೋದವು. ಬಳ್ಳಾರಿ, ಹೊಸಪೇಟೆ, ಸಂಡೂರು ಸೇರಿ ಏಳು ತಾಲೂಕು ಮೈಸೂರಿಗೆ ಬಂದವು. ಆಡಳಿತಕ್ಕೆ ಗಡಿ ಬೇಕಾಗುತ್ತದೆ, ಸರಿ. ಆದರೆ ಮನೆಮಾತು ಗಡಿ ನೋಡಿ ನಿಲ್ಲುವುದಿಲ್ಲ. ಅತ್ತ ಕನ್ನಡದ ಮನೆಗಳು ಉಳಿದವು, ಇತ್ತ ತೆಲುಗಿನ ಮನೆಗಳು. ಅಲ್ಲಿಯ ಕನ್ನಡದ ಮಗುವಿಗೆ ಯಾರೂ ನಗಬಾರದು ಎಂದು ನಾವು ಬಯಸುವುದಾದರೆ, ಇಲ್ಲಿಯ ತೆಲುಗಿನ ಮಗುವಿಗೂ ಆ ಮಾತು ಸಲ್ಲಬೇಕು.

ಮೊನ್ನೆ ಮತ್ತೆ ಆ ಕ್ಯಾಂಪಿಗೆ ಹೋಗಿದ್ದೆ. ಹುಡುಗಿಯನ್ನು ಕೂರಿಸಿಕೊಂಡು ಮೇಲಿನ ಪಟ್ಟಿಯನ್ನು ಅವಳ ನೋಟುಬುಕ್ಕಿನಲ್ಲಿ ಬರೆದೆ. "ಯಾರಾದ್ರೂ ನಕ್ಕರೆ ಹೇಳು: ಸಾವಿರ ವರ್ಷದ ಹಿಂದೆ ಕನ್ನಡದವರೂ 'ಪಾಲ್' ಅಂತಿದ್ರು" ಎಂದೆ. ಅವಳು ಸ್ವಲ್ಪ ಹೊತ್ತು ಪಟ್ಟಿ ನೋಡಿದಳು. ಆಮೇಲೆ ಕೆಳಗೆ ತಾನೇ ಒಂದು ಸಾಲು ಸೇರಿಸಿದಳು:

ಹಂದಿ – ಪಂದಿ.