ಪದವಿಗೆ ಮುಂಚಿನ ಸಂಶೋಧಕರು

ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರೊಫೆಸರ್ ಆಗಬೇಕಾದರೆ ಇವತ್ತು ಪಿಎಚ್.ಡಿ. ಇರಲೇಬೇಕು. ನನ್ನ ಕೈಕೆಳಗೆ ಸಂಶೋಧನೆ ಮಾಡಲು ಬಂದ ಹುಡುಗ ಹುಡುಗಿಯರಿಗೆಲ್ಲ ನಾನು ಮೊದಲು ಹೇಳುತ್ತಿದ್ದ ಸಂಗತಿ ಒಂದಿದೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ, ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡದ್ದು 1911ರಲ್ಲಿ. ಆಗ ತೆರೆದ ವಿಭಾಗಗಳಲ್ಲಿ ಎಲೆಕ್ಟ್ರಿಕಲ್ ಟೆಕ್ನಾಲಜಿಯೂ ಒಂದು. ಆದರೆ ಸ್ವಂತವಾಗಿ ಪದವಿ ಕೊಡುವ ಅಧಿಕಾರ ಆ ಸಂಸ್ಥೆಗೆ ಸಿಕ್ಕಿದ್ದು 1958ರಲ್ಲಿ. ನಡುವಿನ 47 ವರ್ಷ ಅಲ್ಲಿ ದುಡಿದವರು ಆ ಸಂಸ್ಥೆಯಿಂದ ಪಿಎಚ್.ಡಿ. ಸಿಗದೆಂದು ಗೊತ್ತಿದ್ದೇ ದುಡಿದರು.

ಎಂಜಿನಿಯರ್‌ಗೆ ಡಾಕ್ಟರೇಟ್ ಯಾಕೆ ಎಂಬ ಅನುಮಾನ ಹೊರಗೂ ಇತ್ತು. ಅಮೆರಿಕದ ಯೇಲ್‌ನಲ್ಲಿ ವಿಲ್ಲರ್ಡ್ ಗಿಬ್ಸ್ 1863ರಲ್ಲೇ ಗಿಯರ್ ಚಕ್ರದ ಹಲ್ಲುಗಳ ಆಕಾರದ ಮೇಲೆ ಪ್ರಬಂಧ ಬರೆದು ಪಿಎಚ್.ಡಿ. ಪಡೆದಿದ್ದ. ಪ್ರಷ್ಯಾದ ತಾಂತ್ರಿಕ ವಿದ್ಯಾಲಯಗಳು ಮಾತ್ರ 1899ರ ತನಕ ಕಾಯಬೇಕಾಯಿತು. ಅದೂ ಕೈಸರ್ ಎರಡನೇ ವಿಲ್‌ಹೆಲ್ಮನ ಆಜ್ಞೆಯಿಂದ, ಹಳೆಯ ವಿಶ್ವವಿದ್ಯಾಲಯಗಳ ವಿರೋಧದ ನಡುವೆ.

ನಮ್ಮಲ್ಲಿ ಸಂಸ್ಥೆ ಕೊಡುತ್ತಿದ್ದುದು ಡಿಪ್ಲೊಮಾ ಮತ್ತು ಅಸೋಸಿಯೇಟ್‌ಶಿಪ್. ಡಾಕ್ಟರೇಟ್ ಬೇಕೆಂದವರು ಬೇರೆ ವಿಶ್ವವಿದ್ಯಾಲಯಕ್ಕೆ ಥೀಸಿಸ್ ಸಲ್ಲಿಸಬೇಕು, ಇಲ್ಲವೇ ಹಡಗು ಹತ್ತಬೇಕು. ರಾಮನ್ ಅವರ ಪ್ರಯೋಗಾಲಯದಲ್ಲಿ ದುಡಿದ ಅನ್ನಾ ಮಣಿ 1945ರಲ್ಲಿ ಮದ್ರಾಸು ವಿಶ್ವವಿದ್ಯಾಲಯಕ್ಕೆ ಥೀಸಿಸ್ ಕೊಟ್ಟರು. ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಪದವಿ ಸಿಗಲಿಲ್ಲ. ಮುಂದೆ ದೇಶದ ಹವಾಮಾನ ಉಪಕರಣಗಳನ್ನು ಇಲ್ಲೇ ತಯಾರಾಗುವಂತೆ ಮಾಡಿದವರು ಅವರೇ.

ಹಡಗು ಹತ್ತಿದವರಲ್ಲಿ ನನಗೆ ಅತ್ಯಂತ ಗೌರವ ರಾಜೇಶ್ವರಿ ಚಟರ್ಜಿಯವರ ಮೇಲೆ. 1922ರಲ್ಲಿ ಹುಟ್ಟಿದ ಅವರು ಓದಿದ್ದು ಅಜ್ಜಿ ಕಮಲಮ್ಮ ದಾಸಪ್ಪ ದುಡಿದ ಮಹಿಳಾ ಸೇವಾ ಸಮಾಜದ ಶಾಲೆಯಲ್ಲಿ, ಆಮೇಲೆ ಸೆಂಟ್ರಲ್ ಕಾಲೇಜಿನಲ್ಲಿ. 1943ರಲ್ಲಿ ಎಲೆಕ್ಟ್ರಿಕಲ್ ಟೆಕ್ನಾಲಜಿ ವಿಭಾಗಕ್ಕೆ ಸಂಶೋಧನಾ ವಿದ್ಯಾರ್ಥಿಯಾಗಿ ಬಂದರು. ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ, ಪ್ರೊಫೆಸರ್ ವಿಲಿಯಂ ಡೌ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಮುಗಿಸಿ, 1953ರಲ್ಲಿ ಅದೇ ಸಂಸ್ಥೆಗೆ ಅಧ್ಯಾಪಕಿಯಾಗಿ ಮರಳಿದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆ ಮೈಕ್ರೋವೇವ್ ಸಂಶೋಧನೆಯನ್ನು ಕಟ್ಟಿ ಬೆಳೆಸಿದರು. ಪಿಎಚ್.ಡಿ.ಗಾಗಿ ಸಾಗರ ದಾಟಿದ ಹೆಣ್ಣುಮಗಳು 20 ಜನಕ್ಕೆ ಪಿಎಚ್.ಡಿ. ಮಾಡಿಸಿದರು. ಗೈಡ್ ಆಗಿ ಬದುಕು ಕಳೆದ ನನಗೆ ಆ 20ರ ಹಿಂದಿನ ಶ್ರಮ ಎಷ್ಟೆಂದು ಗೊತ್ತು.

ಏರೋನಾಟಿಕ್ಸ್ ವಿಭಾಗದ್ದೂ ಇಂಥದೇ ಕಥೆ. ಸತೀಶ್ ಧವನ್ 1951ರಲ್ಲಿ ಕ್ಯಾಲ್‌ಟೆಕ್‌ನಿಂದ ಡಾಕ್ಟರೇಟ್ ಪಡೆದು ಬಂದರು. ಅವರ ಶಿಷ್ಯ ರೊದ್ದಂ ನರಸಿಂಹ ಇಲ್ಲಿ ಸಂಶೋಧನೆ ಮಾಡಿ 1957ರಲ್ಲಿ ಪಡೆದದ್ದು ಅಸೋಸಿಯೇಟ್‌ಶಿಪ್. ಒಂದು ವರ್ಷ ತಡೆದಿದ್ದರೆ ಪಿಎಚ್.ಡಿ. ಇಲ್ಲೇ ಆಗುತ್ತಿತ್ತೋ ಏನೋ! ಅವರು ಕ್ಯಾಲ್‌ಟೆಕ್‌ಗೆ ಹೋಗಿ, ಧವನ್‌ಗೆ ಗೈಡ್ ಆಗಿದ್ದ ಹಾನ್ಸ್ ಲೀಪ್‌ಮನ್ ಅವರ ಬಳಿಯೇ 1961ರಲ್ಲಿ ಮುಗಿಸಿ, ಮರುವರ್ಷ ಬೆಂಗಳೂರಿಗೆ ವಾಪಸಾದರು.

ನಾನು ಥೀಸಿಸ್ ಬರೆದದ್ದು ಅದೇ ಆವರಣದಲ್ಲಿ, 1970ರ ದಶಕದಲ್ಲಿ. ಐಬಿಎಂ 360/44 ಕಂಪ್ಯೂಟರಿಗೆ ಪಂಚ್ ಕಾರ್ಡುಗಳ ಕಟ್ಟನ್ನು ಕೌಂಟರಿನಲ್ಲಿ ಕೊಟ್ಟು ಬರಬೇಕು. ಒಂದು ಅಲ್ಪವಿರಾಮ ತಪ್ಪಿದ್ದರೂ ಪ್ರಿಂಟೌಟಿನಲ್ಲಿ ಉತ್ತರ ಇರುತ್ತಿರಲಿಲ್ಲ. ಗ್ರಾಫ್ ಬರೆಯುತ್ತಿದ್ದುದು ಟ್ರೇಸಿಂಗ್ ಹಾಳೆಯ ಮೇಲೆ, ರೋಟ್ರಿಂಗ್ ಪೆನ್ನಿನಲ್ಲಿ. ಶಾಯಿ ಹರಡಿದರೆ ಹಾಳೆ ಹರಿಯದಂತೆ ಬ್ಲೇಡಿನ ತುದಿಯಿಂದ ಮೆಲ್ಲಗೆ ಕೆರೆದು, ಉಗುರಿನಿಂದ ಉಜ್ಜಿ ನುಣುಪು ಮಾಡಿ ಮತ್ತೆ ಗೆರೆ ಎಳೆಯಬೇಕು. ಟೈಪಿಸ್ಟ್ ಬಿಟ್ಟ ಖಾಲಿ ಜಾಗಗಳಲ್ಲಿ ಗ್ರೀಕ್ ಅಕ್ಷರಗಳನ್ನು ಪ್ರತಿಯೊಂದು ಪ್ರತಿಗೂ ಕೈಯಾರೆ ತುಂಬಬೇಕು. ಹಾಗೆ ತುಂಬುವಾಗ ಪ್ರತಿ ಸಮೀಕರಣವನ್ನೂ ಮತ್ತೊಮ್ಮೆ ಓದಲೇಬೇಕಾಗುತ್ತಿತ್ತು. ಅದರಿಂದ ನನಗೆ ಲಾಭವೇ ಆಯಿತು.

ಆ ದಿನಗಳಲ್ಲಿ ನಾನು 1958ಕ್ಕೂ ಹಿಂದಿನ ಪ್ರಬಂಧಗಳನ್ನು ಹುಡುಕಿ ಓದಿದೆ. ಅಳತೆಗಳಲ್ಲಾಗಲಿ ವಾದದಲ್ಲಾಗಲಿ ಅವು ಯಾವ ಪಿಎಚ್.ಡಿ.ಗೂ ಕಡಿಮೆಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಈಗ ಸಂಶೋಧನೆಗೆ ಸೇರುವ ಮಕ್ಕಳೇ, ನಿಮ್ಮ ವಿಷಯದ ಅಂಥ ಒಂದು ಹಳೆಯ ಪ್ರಬಂಧವನ್ನಾದರೂ ಲೈಬ್ರರಿಯಲ್ಲಿ ಕೇಳಿ ತೆಗೆಸಿ, ಪೂರ್ತಿ ಓದಿ. ಉಪಯೋಗಕ್ಕೆ ಬಂದರೆ ಬರೆದವರ ಹೆಸರನ್ನು ನಿಮ್ಮ ಥೀಸಿಸಿನಲ್ಲಿ ಉಲ್ಲೇಖಿಸಿ.