ಪ್ಯಾಕಾರ್ಡ್ ಕಾರಿನ ಕೊನೆಯ ಹತ್ತು ವರ್ಷಗಳು

ಮಿಶಿಗನ್ ರಾಜ್ಯದ ನಮ್ಮ ಪಟ್ಟಣದಲ್ಲಿ ಪ್ರತಿ ಬೇಸಿಗೆಯಲ್ಲೂ ಹಳೆಯ ಕಾರುಗಳ ಪ್ರದರ್ಶನವೊಂದು ನಡೆಯುತ್ತದೆ. ಅಲ್ಲಿ ವೃದ್ಧರೊಬ್ಬರು ತಮ್ಮ 1955ರ ಪ್ಯಾಕಾರ್ಡ್ ಕಾರಿನ ಹಿಂದಿನ ಸೀಟಿನಲ್ಲಿ ನನ್ನನ್ನೂ ನನ್ನ ಪತ್ನಿಯನ್ನೂ ಕೂರಿಸಿ, ಸ್ವಲ್ಪ ಕಾಯುವಂತೆ ಕೈಸನ್ನೆ ಮಾಡಿದರು. ನಮ್ಮ ಭಾರಕ್ಕೆ ಕುಗ್ಗಿದ್ದ ಕಾರಿನ ಹಿಂಭಾಗವು ಕೆಲವು ಕ್ಷಣಗಳ ಬಳಿಕ, ಅಡಿಯಲ್ಲೆಲ್ಲೋ ವಿದ್ಯುತ್ ಮೋಟಾರೊಂದು ಗುಂಯ್‌ಗುಟ್ಟುತ್ತಿದ್ದಂತೆ, ತಾನಾಗಿಯೇ ಮೇಲೆದ್ದು ಸಮಮಟ್ಟಕ್ಕೆ ಬಂತು. ಇಂತಹ ಕಾರನ್ನು ತಯಾರಿಸಿದವರು ಮರುವರ್ಷವೇ ಡೆಟ್ರಾಯಿಟಿನಲ್ಲಿ ಉತ್ಪಾದನೆಯನ್ನು ನಿಲ್ಲಿಸಿದ್ದೇಕೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಕಾಡುತ್ತಿದೆ.

1899ರಲ್ಲಿ ಓಹಾಯೋದ ವಾರೆನ್ ಪಟ್ಟಣದಲ್ಲಿ ಆರಂಭವಾದ ಪ್ಯಾಕಾರ್ಡ್, ಎರಡನೆಯ ಮಹಾಯುದ್ಧಕ್ಕೆ ಮುನ್ನ ಅಮೆರಿಕದ ಸಿರಿವಂತರ ಕಾರಾಗಿತ್ತು. ಆರ್ಥಿಕ ಕುಸಿತದ ಕಾಲದಲ್ಲಿ, 1935ರಲ್ಲಿ, ಮಧ್ಯಮ ಬೆಲೆಯ 'ಒನ್-ಟ್ವೆಂಟಿ' ಮಾದರಿಯನ್ನು ತಂದು ಕಂಪನಿ ಜೀವ ಉಳಿಸಿಕೊಂಡಿತು. ಈ ಅಗ್ಗದ ಮಾದರಿಯೇ ಹೆಸರನ್ನು ಕೆಡಿಸಿತೆಂದು ಹಲವರು ದೂರುವುದುಂಟು. ನನಗೆ ಅದು ಅರ್ಧಸತ್ಯವಾಗಿ ತೋರುತ್ತದೆ. ಅದಿಲ್ಲದಿದ್ದರೆ ಹೆಸರಿನೊಡನೆ ಕಂಪನಿಯೂ ಅಂದೇ ಅಳಿಯುತ್ತಿತ್ತು. ತಪ್ಪಾದದ್ದು ಯುದ್ಧದ ನಂತರ, ಹಣ ಕೈಯಲ್ಲಿದ್ದಾಗಲೂ ಅಗ್ಗದ ಮಾದರಿಗಳನ್ನು ಬಿಡದೆ ಹೋದದ್ದು.

ಅತ್ತ ಜನರಲ್ ಮೋಟಾರ್ಸ್‌ನ ವಿನ್ಯಾಸ ವಿಭಾಗದ ಮುಖ್ಯಸ್ಥ ಹಾರ್ಲಿ ಅರ್ಲ್, ಲಾಕ್‌ಹೀಡ್ ಪಿ-38 ಯುದ್ಧವಿಮಾನದ ಅವಳಿ ಬಾಲವನ್ನು ಕಂಡು ಮರುಳಾಗಿದ್ದ. 1948ರ ಕ್ಯಾಡಿಲಾಕ್ ಕಾರಿನ ಹಿಂಬದಿಯಲ್ಲಿ ಮೂಡಿದ ಪುಟ್ಟ ರೆಕ್ಕೆಗಳಿಗೆ ಅದೇ ಪ್ರೇರಣೆ. ಮರುವರ್ಷ ಅದೇ ಕಾರಿಗೆ 160 ಅಶ್ವಶಕ್ತಿಯ ಹೊಸ ವಿ-8 ಎಂಜಿನ್ ಬಂತು. ಇತ್ತ 1948ರ ಪ್ಯಾಕಾರ್ಡ್, ಯುದ್ಧಪೂರ್ವದ 'ಕ್ಲಿಪ್ಪರ್' ಮಾದರಿಯ ಒಡಲಿಗೇ ಅಕ್ಕಪಕ್ಕ ತಗಡು ಹೊದಿಸಿದ ರೂಪ. ಜನ ಅದನ್ನು ಗರ್ಭಿಣಿ ಆನೆಯೆಂದು ಹಂಗಿಸಿದರು. ಎಂಜಿನ್ ಮಾತ್ರ ನಯವಾದದ್ದು. ಎಂಟು ಸಿಲಿಂಡರುಗಳು ಒಂದೇ ಸಾಲಿನಲ್ಲಿದ್ದ ಆ ಹಳೆಯ ವಿನ್ಯಾಸವನ್ನೇ 1954ರವರೆಗೆ ನೆಚ್ಚಿಕೊಂಡದ್ದು ದುಬಾರಿಯಾಯಿತು.

1952ರಲ್ಲಿ ಅಧ್ಯಕ್ಷನಾಗಿ ಬಂದ ಜೇಮ್ಸ್ ನ್ಯಾನ್ಸ್ ಐಷಾರಾಮಿ ಕಾರನ್ನೂ ಮಧ್ಯಮ ಬೆಲೆಯ ಕಾರನ್ನೂ ಬೇರ್ಪಡಿಸಲು ಹೊರಟ. ಆದರೆ ಪ್ಯಾಕಾರ್ಡ್‌ಗೆ ಕಾರಿನ ಒಡಲುಗಳನ್ನು ಮಾಡಿಕೊಡುತ್ತಿದ್ದ ಬ್ರಿಗ್ಸ್ ಕಂಪನಿಯನ್ನು 1953ರಲ್ಲಿ ಕ್ರೈಸ್ಲರ್ ಕೊಂಡುಕೊಂಡಿತು. ಪ್ಯಾಕಾರ್ಡ್ ತರಾತುರಿಯಿಂದ ಕಾನರ್ ಅವೆನ್ಯೂವಿನ ಇಕ್ಕಟ್ಟಾದ ಕಾರ್ಖಾನೆಗೆ ಹೋಗಬೇಕಾಯಿತು. 1954ರಲ್ಲಿ ಸ್ಟುಡಿಬೇಕರ್ ಕಂಪನಿಯನ್ನು ಕೊಂಡದ್ದು ಇನ್ನೊಂದು ಹೊರೆ. ಅದರ ನಷ್ಟದ ಆಳ ತಿಳಿದದ್ದು ಒಪ್ಪಂದವಾದ ಮೇಲೆ.

ಇಷ್ಟರ ನಡುವೆಯೂ ಮೂಡಿಬಂದದ್ದು ನಾನು ಕುಳಿತ ಆ ಕಾರು. ರಿಚರ್ಡ್ ಟೀಗ್ ಹಳೆಯ ಒಡಲಿಗೇ ಹೊಸ ಮುಖ ಕೊಟ್ಟ, ಹಿಂದೆ ಚರ್ಚಿನ ಗೋಪುರದ ಕಿಟಕಿಯಂತಹ ಕೆಂಪು ದೀಪಗಳನ್ನಿಟ್ಟ. ಸುರುಳಿ ಸ್ಪ್ರಿಂಗುಗಳ ಬದಲು ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಉದ್ದಕ್ಕೂ ಹಾಯುವ, ತಿರುಚಿಕೊಳ್ಳುವ ಉಕ್ಕಿನ ಸಲಾಕೆಗಳು. ಮುಂದಿನ ಚಕ್ರ ಹೊಂಡಕ್ಕಿಳಿದರೆ ಆ ಹೊಡೆತ ಹಿಂದಕ್ಕೂ ಹಂಚಿಹೋಗುತ್ತಿತ್ತು. ವಿ-8 ಎಂಜಿನ್ನೂ ಕೊನೆಗೆ ಬಂತು, ಕ್ಯಾಡಿಲಾಕ್‌ಗಿಂತ ಆರು ವರ್ಷ ತಡವಾಗಿ. ಹೊಸ ಕಾರ್ಖಾನೆಯ ಅವಸರದ ಜೋಡಣೆಯಿಂದ ದೂರುಗಳು ಹೆಚ್ಚಿದವು. 1955ರ ಮಾದರಿಗಳು ಸುಮಾರು 55 ಸಾವಿರ ತಯಾರಾದವು; ಆ ವರ್ಷ ಕ್ಯಾಡಿಲಾಕ್‌ನದು 1 ಲಕ್ಷ 40 ಸಾವಿರ. ಮರುವರ್ಷ ಪ್ಯಾಕಾರ್ಡ್ ಸುಮಾರು 28 ಸಾವಿರಕ್ಕೆ ಇಳಿಯಿತು. ಸಂಪೂರ್ಣ ಹೊಸ ಒಡಲಿಗೆ ಬೇಕಾದ ಸಾಲ ಎಲ್ಲಿಯೂ ಹುಟ್ಟಲಿಲ್ಲ.

1956ರ ಜೂನ್ 25ರಂದು ಡೆಟ್ರಾಯಿಟಿನಲ್ಲಿ ಕೊನೆಯ ಪ್ಯಾಕಾರ್ಡ್ ಹೊರಬಂತು. ಬಳಿಕ ಎರಡು ವರ್ಷ ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ಸ್ಟುಡಿಬೇಕರ್ ಕಾರುಗಳಿಗೆ ಪ್ಯಾಕಾರ್ಡ್ ಹೆಸರನ್ನು ಅಂಟಿಸಿ ಮಾರಲಾಯಿತು. ಪ್ರದರ್ಶನದಲ್ಲಿ ಆ ವೃದ್ಧರನ್ನು ಅವುಗಳ ಬಗ್ಗೆ ಕೇಳಿದೆ. ಅವರು ಉತ್ತರಿಸದೆ, ಕರವಸ್ತ್ರ ತೆಗೆದು ತಮ್ಮ ಕಾರಿನ ಹಿಂದೀಪವನ್ನು ಒರೆಸತೊಡಗಿದರು.