ಗಾಳಿ ಸುರಂಗದಲ್ಲಿ ಶಿಯರ್ ಹರಿವು

ನೆಲದಿಂದ ಮೇಲೇರಿದಂತೆ ವೇಗ ಬದಲಾಗುವ ಗಾಳಿಯನ್ನು ಬೇಕಾದ ಅಳತೆಯಲ್ಲಿ ಸುರಂಗದೊಳಗೆ ಹುಟ್ಟಿಸುವ ತಂತ್ರ. ವಿಮಾನದ ಮಾದರಿಯ ಪರೀಕ್ಷೆಗೆ ಎಲ್ಲೆಡೆ ಒಂದೇ ವೇಗದ, ಕದಡದ ಗಾಳಿ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1959ರಿಂದ ಇರುವ, 14 ಅಡಿ ಅಗಲ 9 ಅಡಿ ಎತ್ತರದ ಪರೀಕ್ಷಾ ಭಾಗವುಳ್ಳ ಸುರಂಗ ಈ ಬಗೆಯದು. ಕಟ್ಟಡ, ಚಿಮಣಿ, ಸೇತುವೆಗಳಿಗೆ ಬಡಿಯುವ ಗಾಳಿಯೇ ಬೇರೆ.

ಕಲಬುರಗಿ ಸುತ್ತಲಿನ ತೊಗರಿ ಹೊಲಗಳ ಬಯಲಿನಲ್ಲಿ ಗಾಳಿಗೆ ತಡೆ ಕಡಿಮೆ. ಅದೇ ಗಾಳಿ ಊರೊಳಗೆ ನೆಹರು ಗಂಜ್ ಮಾರುಕಟ್ಟೆಯ ಅಡತಿ ಅಂಗಡಿ, ಗೋದಾಮುಗಳ ಮೇಲೆ ಹಾಯುವಾಗ ತಳದಲ್ಲಿ ನಿಧಾನವಾಗುತ್ತದೆ, ಮೇಲೆ ಹೋದಂತೆ ಅದರ ವೇಗ ಬೇಗ ಬೇಗ ಹೆಚ್ಚುತ್ತದೆ. ಈ ಏರಿಕೆಯನ್ನು ಎತ್ತರದ ಒಂದು ಘಾತದಿಂದ ಸೂಚಿಸುವುದು ವಾಡಿಕೆ. 10 ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 10 ಮೀಟರ್ ವೇಗವಿದ್ದರೆ, ಘಾತ 0.14 ಇರುವ ಬಯಲಲ್ಲಿ 40 ಮೀಟರ್ ಎತ್ತರದ ವೇಗ 12.1, ಘಾತ 0.25 ಇರುವ ಊರಲ್ಲಿ 14.1. ಒತ್ತಡ ವೇಗದ ವರ್ಗದಂತೆ ಏರುವುದರಿಂದ ಮೊದಲನೆಯದರಲ್ಲಿ ಅದು ಸುಮಾರು ಒಂದೂವರೆ ಪಟ್ಟು, ಎರಡನೆಯದರಲ್ಲಿ ಎರಡು ಪಟ್ಟು. ಭಾರತೀಯ ಮಾನಕ 875ರ 3ನೇ ಭಾಗ ನೆಲವನ್ನು ನಾಲ್ಕು ವರ್ಗಗಳಾಗಿ ವಿಂಗಡಿಸುವುದು ಇದೇ ಕಾರಣಕ್ಕೆ.

ಸುರಂಗದಲ್ಲಿ ಇಂಥ ಗಾಳಿ ಹುಟ್ಟಿಸುವ ಮೂಲ ಉಪಾಯ ತಡೆಯೊಡ್ಡುವುದು. 1957ರಲ್ಲಿ ಓವನ್ ಮತ್ತು ಝಿಯೆಂಕಿವಿಚ್ ಒಂದೇ ದಪ್ಪದ ಸರಳುಗಳನ್ನು ಸಮಾನಾಂತರವಾಗಿ, ಆದರೆ ಅಸಮ ಅಂತರದಲ್ಲಿ ಜಾಲರಿಯಾಗಿ ಜೋಡಿಸಿ, ವೇಗ ಒಂದೇ ದರದಲ್ಲಿ ಏರುವ ಹರಿವನ್ನು ಪಡೆದರು. ಸರಳುಗಳು ಒತ್ತಾಗಿರುವಲ್ಲಿ ಗಾಳಿ ಹೆಚ್ಚು ಒತ್ತಡ ಕಳೆದುಕೊಂಡು ನಿಧಾನವಾಗುತ್ತದೆ. ಲೆಕ್ಕ ಕಠಿಣವಾಗುವುದು ಇಲ್ಲಿಂದ ಮುಂದೆ: ತಡೆ ಕಂಡ ಗಾಳಿ ಜಾಲರಿಗೆ ತಲುಪುವ ಮೊದಲೇ ವಿರಳ ಭಾಗದತ್ತ ಓರೆಯಾಗುತ್ತದೆ, ಆ ತಿರುವನ್ನೂ ಎಣಿಸಿ ಅಂತರ ಗೊತ್ತುಮಾಡಬೇಕು. ಈ ಲೆಕ್ಕವನ್ನು ಕೈಗೆಟುಕಿಸಿದ್ದೇ ಅವರ ದೊಡ್ಡ ಕೊಡುಗೆ. 1959ರಲ್ಲಿ ಎಲ್ಡರ್ ಬಾಗಿದ ತಂತಿಬಲೆಗಳಿಗೂ ಇದನ್ನು ವಿಸ್ತರಿಸಿದರು. ಬಲೆ ಅತಿ ಒತ್ತಾಗುವಂತಿಲ್ಲ. ತೆರೆದ ಭಾಗ ಸುಮಾರು ಶೇ. 57ಕ್ಕಿಂತ ಕಡಿಮೆಯಾದರೆ ಕಿಂಡಿಗಳಿಂದ ಹೊರಟ ಧಾರೆಗಳು ಒಂದರೊಳಗೊಂದು ಕೂಡಿಕೊಂಡು ಹರಿವು ಕೆಡುತ್ತದೆ ಎಂದು ಬ್ರ್ಯಾಡ್‌ಷಾ 1965ರಲ್ಲಿ ತೋರಿಸಿದರು.

ಜಾಲರಿ ಸರಾಸರಿ ವೇಗವನ್ನು ಕೊಡುತ್ತದೆ, ಊರಿನ ಗಾಳಿಯ ದೊಡ್ಡ ಸುಳಿಗಳನ್ನಲ್ಲ. ಅವುಗಳಿಗಾಗಿ ಕೌನಿಹನ್ 1969ರಲ್ಲಿ ಸುರಂಗದ ಬಾಯಲ್ಲಿ ಅಡ್ಡಗೋಡೆ, ಅದರ ಹಿಂದೆ ದೀರ್ಘವೃತ್ತಾಕಾರದ ಫಲಕಗಳು, ನೆಲದ ತುಂಬ ಒರಟು ದಿಮ್ಮಿಗಳನ್ನಿಟ್ಟರು. 1981ರಲ್ಲಿ ಇರ್ವಿನ್ ಮೇಲಕ್ಕೆ ಚೂಪಾಗುವ ಕಂಬಗಳ ಅಳತೆಗೆ ಸರಳ ಸೂತ್ರ ಕೊಟ್ಟರು. ಇಂದು ಹೆಚ್ಚು ಬಳಕೆಯಲ್ಲಿರುವ ವಿಧಾನ ಇದು.

ಮಾದರಿಯನ್ನು ಇಡುವ ಮೊದಲು ಖಾಲಿ ಸುರಂಗದಲ್ಲಿ ಪಿಟೋ ನಳಿಗೆ, ಹಾಟ್‌ವೈರ್‌ಗಳಿಂದ ಪ್ರತಿ ಎತ್ತರದ ವೇಗವನ್ನೂ ಏರಿಳಿತವನ್ನೂ ಅಳೆಯಬೇಕು. 1:300 ಪ್ರಮಾಣದಲ್ಲಿ 60 ಮೀಟರ್ ಕಟ್ಟಡ 20 ಸೆಂಟಿಮೀಟರ್ ಆಗುತ್ತದೆ. ಸುಳಿಗಳೂ ಅದೇ ಪ್ರಮಾಣದಲ್ಲಿ ಕುಗ್ಗಿರಬೇಕು. ಒರಟು ನೆಲದ ಮೇಲೆ ಗಾಳಿ ಬಹುದೂರ ಹರಿದು ತಾನಾಗಿಯೇ ಈ ರೂಪಕ್ಕೆ ಬರಲೆಂದು ಕಟ್ಟಡ ಪರೀಕ್ಷೆಯ ಸುರಂಗಗಳನ್ನು ಉದ್ದವಾಗಿ ಕಟ್ಟುತ್ತಾರೆ.